ರೇರ್ ರಕ್ತ

ದೊಡ್ಡಗಾಜನೂರಿನ ಶಾಲೆಯಲ್ಲಿ ಅವತ್ತು ರಕ್ತದ ಗುಂಪು ನೋಡುವ ಕ್ಯಾಂಪಿತ್ತು. ಬೆರಳು ಚುಚ್ಚಿ, ಪರೀಕ್ಷಿಸಿ, ಗುಂಪು ಹೇಳುವುದು ನನ್ನ ಕೆಲಸ. ಹೆಂಡತಿಯ ಜೊತೆ ಬಂದಿದ್ದ ಮಾದಪ್ಪಣ್ಣನದು ಎಬಿ ನೆಗೆಟಿವ್ ಬಂತು. ಖುಷಿಯಲ್ಲಿ, "ಅಣ್ಣ, ನಿಮ್ಮದು ರೇರ್ ರಕ್ತ!" ಎಂದುಬಿಟ್ಟೆ.

ಅವರ ಮುಖ ಬಿಳಿಚಿಕೊಂಡಿತು. "ನಮ್ ಬಾವನ್ಗೂ ಡಾಕ್ಟ್ರು ರೇರ್ ಕಾಯ್ಲ ಅಂತಾನೇ ಏಳಿದ್ರು. ಕೊಯಮತ್ತೂರ್ಗೂ ಕರ್ಕೊಂಡೋದ್ವು, ಉಳೀಲಿಲ್ಲ. ನಂಗ ಇನ್ನೆಷ್ಟ್ ದಿನ ಅದ, ಏಳ್ಬುಡವ್ವ" ಎಂದು ಬೆಂಚಿನ ಮೇಲೆ ಕುಸಿದರು.

ನನಗೇ ಗಾಬರಿಯಾಯಿತು. "ಅಯ್ಯೋ, ರೇರ್ ಅಂದರೆ ಕಾಯಿಲೆಯಲ್ಲ ಅಣ್ಣ, ಅಪರೂಪ ಅಂತ! ಕಾಯಿಲೆಯೂ ಅಪರೂಪದ್ದಿರಬಹುದು, ರಕ್ತವೂ ಇರಬಹುದು. ನಿಮಗೇನೂ ಆಗಿಲ್ಲ. ಇಂಥ ರಕ್ತ ಸಿಗುವುದೇ ಕಷ್ಟ, ಅಷ್ಟೇ."

ಅಷ್ಟರಲ್ಲಾಗಲೇ ಅಳಲು ಶುರುಮಾಡಿದ್ದ ಅವರ ಹೆಂಡತಿ ಕಣ್ಣೊರೆಸಿಕೊಂಡು ಜೋರಾಗಿ ನಕ್ಕರು. "ಆ ಮಾತು ದಿಟ ಕಣವ್ವ. ಇವ್ರು ಮನ್ಗ ಒಂದ್ ಕೊಡ ನೀರ್ ತರದೂ ರೇರೇ!"

ಮಾದಪ್ಪಣ್ಣ ಮೀಸೆ ತಿರುವುತ್ತಾ ಹೊರಗೆ ಹೋಗಿ, ಸಾಲಿನಲ್ಲಿ ನಿಂತವರಿಗೆಲ್ಲ ಸುದ್ದಿ ಹೇಳಿದರು. ಆಮೇಲೆ ಬಂದವರೆಲ್ಲ "ನಂದೂ ರೇರಾ?" ಎಂದೇ ಕೈ ಚಾಚಿದರು. ಓ ಪಾಸಿಟಿವ್, ಎಲ್ಲರಿಗೂ ಇರುವಂಥದ್ದು ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಒಬ್ಬ ಅಜ್ಜಿಯಂತೂ ರೇಗಿಯೇಬಿಟ್ಟರು.

"ಅವ್ನ್ಗ ಮಾತ್ರ ಕೊಟ್ಟೀರಿ. ನಾವೇನ್ ಈ ಊರವ್ರಲ್ವಾ? ನಂಗೂ ಒಂದ್ ರೇರ್ ಬರ್ಕೊಡಿ!"

ಅಷ್ಟು ದೊಡ್ಡ ಅಧಿಕಾರ ನನಗಿರಲಿಲ್ಲ. ನನಗೆಂದು ತಂದಿಟ್ಟಿದ್ದ ಟೀಯನ್ನೇ ಅವರಿಗೆ ಕೊಟ್ಟು ಸಮಾಧಾನ ಮಾಡಿದೆ.