ಮೂರನೆಯ ಲೋಟ

ಅಡುಗೆಮನೆಯ ಅಟ್ಟದ ಮೇಲೆ ಏನೋ ಹುಡುಕುವಾಗ ಉದ್ದ ಕತ್ತಿನ ಖಾಲಿ ಬಾಟಲಿಯೊಂದು ಕೈಗೆ ಸಿಕ್ಕಿತು. ಮೂಸಿದೆ. ಧೂಳು ಬಿಟ್ಟರೆ ಏನೂ ಇರಲಿಲ್ಲ. ಆದರೂ ಅಕ್ಕ ನೆನಪಾದಳು. ವೈನಿನ ಬಾಟಲಿ ನೋಡಿ ಒಡಹುಟ್ಟಿದವಳನ್ನು ನೆನೆಯುವವನು ಈ ಕಲ್ಯಾಣದುರ್ಗದಲ್ಲಿ ನಾನೊಬ್ಬನೇ ಇರಬೇಕು. ನೀವು ಇನ್ನೇನೋ ಊಹಿಸಿಕೊಳ್ಳುವ ಮೊದಲು ಕಾರಣ ಹೇಳಿಬಿಡುತ್ತೇನೆ.

ಅಕ್ಕ ಹಿಂದೂಪುರದ ಹುಣಸೆ ಮಂಡಿಯಲ್ಲಿ ಹಣ್ಣಿನ ದರ್ಜೆ ಹೇಳುವವಳು. ಕಣ್ಣು ಮುಚ್ಚಿ ಮೂಸಿ, ಇದು ಈ ವರ್ಷದ್ದು, ಇದು ಹೋದ ವರ್ಷದ್ದು, ಇದು ತೇವದ ಗೋಡೆಗೆ ಒರಗಿಸಿಟ್ಟಿದ್ದ ಮೂಟೆಯದು ಎನ್ನುತ್ತಿದ್ದಳು. ಮಾರುವವರೂ ಕೊಳ್ಳುವವರೂ ಒಪ್ಪುತ್ತಿದ್ದರು. ಕೋವಿಡ್ ಜ್ವರ ಬಂತು. ಹೋಗುವಾಗ ಅವಳಿಂದ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಅಕ್ಕ ಯಾರಿಗೂ ಹೇಳದೆ, ಬಣ್ಣ ನೋಡಿ, ಬೆರಳಲ್ಲಿ ಒತ್ತಿ, ಅಂದಾಜಿನ ಮೇಲೆ ಕೆಲವು ತಿಂಗಳು ತಳ್ಳಿದಳು. ಒಮ್ಮೆ ಒಳಗೆ ಬೂಷ್ಟು ಹಿಡಿದಿದ್ದ ಮೂಟೆಗಳನ್ನು ಒಳ್ಳೆಯವೆಂದುಬಿಟ್ಟಳು. ಗೊತ್ತಾದ ದಿನವೇ ಕೊಂಡವನ ಅಂಗಡಿಗೆ ಹೋಗಿ, "ನಂಗೆ ವಾಸ್ನೇನೇ ಗೊತ್ತಾಗಾಕಿಲ್ಲ ಕಣಪ್ಪ" ಎಂದು ಒಪ್ಪಿಕೊಂಡು, ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಮಾತುಮಾತಿಗೆ ನನ್ನನ್ನು ಗದರುತ್ತಿದ್ದವಳು ಇಲ್ಲಿ ಉಂಡು ಸುಮ್ಮನೆ ಕೂರುತ್ತಿದ್ದಳು.

ಆಗ ನನ್ನ ಗೆಳೆಯ ಓಬಳೇಶ ರಜೆಗೆ ಬಂದ. ಆಲ್ಪ್ಸ್ ಬೆಟ್ಟಗಳ ತಪ್ಪಲಿನ ಚಳಿಯೂರೊಂದರಲ್ಲಿ ಅವನು ಹೋಟೆಲ್ ಅಡುಗೆಯವನು. ಅಲ್ಲಿಯ ಮೂರು ಬಗೆಯ ಬಿಳಿ ವೈನ್ ತಂದಿದ್ದ. ಭಾನುವಾರ ಮಧ್ಯಾಹ್ನ ಗಾಜಿನ ಲೋಟಗಳಿಗೆ ಸುರಿದು, "ಮೊದ್ಲು ಮೂಸು, ಆಮ್ಯಾಕೆ ಕುಡಿ" ಎಂದ. ಮೊದಲನೆಯದರಲ್ಲಿ ಸೇಬು, ಎರಡನೆಯದರಲ್ಲಿ ಮಲ್ಲಿಗೆ ಸಿಗಬೇಕೆಂದು ಅವನೇ ಹೇಳಿಕೊಟ್ಟ. ನನಗೆ ಎರಡೂ ತಣ್ಣನೆಯ ಹುಳಿನೀರು. ಆದರೂ ಕಣ್ಣರಳಿಸಿ, "ಆಹಾ, ಮಲ್ಲಿಗೆ!" ಎಂದೆ.

ಬಾಗಿಲಲ್ಲಿ ನಿಂತಿದ್ದ ಅಕ್ಕ, "ಅದೇನ್ಲಾ, ಹೆಂಡಾನ ಹೂವಿನಂಗೆ ಮೂಸ್ತೀರಿ?" ಎಂದಳು.

"ನೀನು ಕುಡೀಬ್ಯಾಡ ಕಣಕ್ಕ, ಸುಮ್ಕೆ ಮೂಸು" ಎಂದು ಓಬಳೇಶ ಲೋಟ ನೀಡಿದ.

ಮೊದಲೆರಡಕ್ಕೆ ಏನೂ ಇಲ್ಲವೆಂದು ತಲೆಯಾಡಿಸಿದಳು. ಮೂರನೆಯದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಇದಿ ಪನ್ನೀರು ಕದರಾ? ಮದ್ವೆ ಮನ್ಯಾಗೆ ಚಿಮುಕಿಸ್ತಾರಲ್ಲ, ಅದೇ ಅಲ್ವೇನ್ಲಾ?" ಎಂದಳು, ತೆಲುಗು ಬೆರೆಸಿ.

"ಔನಕ್ಕಾ! ಗುಲಾಬಿ ವಾಸ್ನೇನೇ ಇದರ ಹೆಚ್ಚುಗಾರಿಕೆ!" ಎಂದು ಓಬಳೇಶ ಎದ್ದು ನಿಂತ.

ನಾನು ನಂಬಲಿಲ್ಲ. ಅರ್ಧ ಗಂಟೆಯಿಂದ ಸುಳ್ಳು ಹೇಳುತ್ತಿದ್ದವನಿಗೆ ಉಳಿದವರೂ ಹಾಗೆಯೇ ಕಾಣುತ್ತಾರೆ. ಅಷ್ಟರಲ್ಲಿ ಅಕ್ಕ ಗಕ್ಕನೆ ತಲೆಯೆತ್ತಿ, "ಲೋ, ಒಳಗೆ ಹಾಲು ಸೀಯ್ತಾ ಐತೆ!" ಎಂದಳು.

ನಿಜವಾಗಿಯೂ ಸೀದಿತ್ತು. ಲೋಟಕ್ಕೆ ಮೂಗು ತೂರಿಸಿದ್ದ ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಪಾತ್ರೆ ತೊಳೆಯಲು ಬಂದ ನನ್ನ ಹೆಂಡತಿಯನ್ನು ಅಕ್ಕ ತಡೆದಳು. "ಇರು ಕಣಮ್ಮ, ಇನ್ನೊಂದ್ ಸಲ" ಎಂದು ಆ ಕರಿಯ ತಳವನ್ನು ಮೂಸಿ ನಕ್ಕಳು. ಕಣ್ಣು ಒದ್ದೆಯಾಗಿತ್ತು.

ಅವಳೀಗ ಮತ್ತೆ ಮಂಡಿಯಲ್ಲಿದ್ದಾಳೆ. ಮೂಗು ಪೂರ್ತಿ ಮರಳಿಲ್ಲ. ಅನುಮಾನ ಬಂದಾಗ, "ಇದು ನಂಗೆ ತಿಳಿಯಾಕಿಲ್ಲ, ಬ್ಯಾರೇರ್ನ ಕೇಳ್ರಿ" ಎನ್ನುತ್ತಾಳಂತೆ. ಹಾಗೆನ್ನತೊಡಗಿದ ಮೇಲೆ ಅವಳ ಮಾತಿಗೆ ಬೆಲೆ ಹೆಚ್ಚಿದೆಯೆಂದು ಕೇಳಿದ್ದೇನೆ.

ಈಗಷ್ಟೇ ಫೋನ್ ಮಾಡಿದೆ. ಹೇಗಿದ್ದೀಯ ಎನ್ನುವಷ್ಟರಲ್ಲಿ, "ಗೋರಂಟ್ಲದ ಮೂಟೆ ಬಂದವೆ, ಇಡ್ಲಾ ಫೋನು" ಎಂದು ಗದರಿ ಇಟ್ಟುಬಿಟ್ಟಳು. ಅವಳು ನನ್ನನ್ನು ಹಾಗೆ ಗದರಿ ವರ್ಷಗಳಾಗಿದ್ದವು.