ಮೂವತ್ತೊಂದು ಮೇಜು, ಒಂಬತ್ತು ಜನ

ಬೆಳಗಿನ ಜಾವ ಐದೂವರೆ. ನಾಲ್ಕನೇ ಮಹಡಿಯ ಕಚೇರಿಯಲ್ಲಿ, ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಆಫೀಸ್ ಮ್ಯಾನೇಜರ್ ಒಂದೊಂದೇ ಮೇಜಿನ ದೀಪ ಹಾಕುತ್ತಾ ಬರುತ್ತಾರೆ. ಅವರ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಹಿಂದೆಯೇ ಇದ್ದೇನೆ. ಒಂದು ಕುರ್ಚಿಯ ಬೆನ್ನಿಗೆ ಕೋಟು, ಇನ್ನೊಂದರ ಮುಂದೆ ಬಿಚ್ಚಿದ ಫೈಲು, ಕನ್ನಡಕ, ಅರ್ಧ ಲೋಟ ಚಹಾ. ಮೇಜು ಮೂವತ್ತೊಂದು. ಕೆಲಸಕ್ಕೆ ಬರುವವರು ಒಂಬತ್ತೇ ಜನ.

"ಇವತ್ತು ಇಬ್ಬರು ಇಂಟರ್‌ವ್ಯೂಗೆ ಬರ್ತಾರೆ. ಖಾಲಿ ಆಫೀಸ್ ನೋಡಿದ್ರೆ ಯಾರು ಸೇರ್ತಾರೆ ಹೇಳಿ?" ಎನ್ನುತ್ತಾ ಒಂದು ಕುರ್ಚಿಯನ್ನು ತುಸು ಹಿಂದಕ್ಕೆ ಎಳೆಯುತ್ತಾರೆ, ಯಾರೋ ಈಗ ತಾನೇ ಎದ್ದು ಹೋದ ಹಾಗೆ.

ಇದು ಬೇರೆ ಕಂಪನಿಗಳಿಗೆ ಆಡಳಿತದ ಸಲಹೆ ಕೊಡುವ ಪುಟ್ಟ ಸಂಸ್ಥೆ. ಸಿಬ್ಬಂದಿಯನ್ನು ಉಳಿಸಿಕೊಳ್ಳುವುದು ಹೇಗೆಂದು ಊರಿಗೆಲ್ಲ ಉಪದೇಶ ಮಾಡುತ್ತದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಇಲ್ಲಿ ಸೇರಿದವರು ಸರಾಸರಿ ಹದಿನಾಲ್ಕು ತಿಂಗಳು ನಿಲ್ಲುತ್ತಾರೆ. ಕೆಲಸ ಕಲಿತ ಕೂಡಲೇ ದೊಡ್ಡ ಸಂಸ್ಥೆಗಳು ಎತ್ತಿಕೊಂಡು ಹೋಗುತ್ತವೆ. ಜನ ಹುಡುಕುವುದು, ಕೂರಿಸುವುದು, ಬೀಳ್ಕೊಡುವುದು ಎಲ್ಲವೂ ಹತ್ತೊಂಬತ್ತು ವರ್ಷದಿಂದ ದೊಡ್ಡಕ್ಕನ ತಲೆಯ ಮೇಲೆ. ಮೇಜು ತುಂಬಿಸುವ ಉಪಾಯ ಹೇಳಿಕೊಟ್ಟವರು ಬಸ್ ಓಡಿಸುವ ಅವರ ಯಜಮಾನರು. "ಖಾಲಿ ಬಸ್ಸಿಗೆ ಯಾರೂ ಹತ್ತಲ್ಲ ಕಣೇ, ನಾಲ್ಕು ತಲೆ ಕಾಣಬೇಕು ಅಂದ್ರು."

ಸಂಜೆ ಲೋಟ ತೊಳೆಯುವವರೂ ದೊಡ್ಡಕ್ಕನೇ. "ಮೊದಲೆಲ್ಲ ಚಹಾ ಇಟ್ಟ ಹಾಗೇ ಕೆನೆಗಟ್ಟಿರ್ತಿತ್ತು. ಈಗ ಒಂದು ವರ್ಷದಿಂದ ಕೆಲವು ಲೋಟ ಖಾಲಿ ಇರುತ್ತೆ." ಯಾರೋ ಕಿಡಿಗೇಡಿಗಳ ಕೆಲಸ ಇರಬೇಕು ಎನ್ನುತ್ತೇನೆ. "ಇರಬಹುದು," ಎಂದು ನನ್ನ ಮುಖ ನೋಡದೆ ಮೇಜು ಒರೆಸುತ್ತಾರೆ.

ಅವರ ಚಿಂತೆಯೇ ಬೇರೆ. ಉಳಿದಿರುವ ಒಂದೇ ದೊಡ್ಡ ಗಿರಾಕಿಯ ಕೆಲಸವನ್ನು ಪೂರ್ತಿ ಬಲ್ಲವಳು ಕಿಟಕಿ ಪಕ್ಕ ಕೂರುವ ಹುಡುಗಿಯೊಬ್ಬಳೇ. ದೊಡ್ಡ ಸಂಸ್ಥೆಯೊಂದು ಅವಳನ್ನು ಕರೆದಿದೆ. ಅವಳು ಹೋದರೆ ಗಿರಾಕಿಯೂ ಹೋದ, ಕಚೇರಿಗೆ ಬೀಗ ಬಿತ್ತು, ಒಂಬತ್ತು ಮನೆಯವರೂ ಬೀದಿಗೆ ಬಂದರು ಎಂದೇ ಲೆಕ್ಕ. ಇವತ್ತು ಉತ್ತರ ಹೇಳುತ್ತೇನೆಂದಿದ್ದಾಳೆ.

ಎಂಟೂವರೆಗೇ ಹುಡುಗಿ ಬರುತ್ತಾಳೆ. "ಅಕ್ಕಾ, ನಾನು ಹೋಗ್ತಿಲ್ಲ," ಎಂದು ನಗುತ್ತಾಳೆ. "ನನ್ನ ಪಕ್ಕದ ಸೀಟಿನ ಸಾರ್ ಹೇಳಿದ್ರು, ಅವಸರ ಮಾಡ್ಬೇಡಮ್ಮ, ಇನ್ನೆರಡು ವರ್ಷ ಕಲಿ ಅಂತ. ಅಷ್ಟು ಚೆನ್ನಾಗಿ ಹೇಳಿಕೊಡೋರು ಅಲ್ಲಿ ಸಿಗ್ತಾರಾ?"

ಆ ಸೀಟಿನಲ್ಲಿ ನಾಲ್ಕು ವರ್ಷದಿಂದ ಯಾರೂ ಕೂತಿಲ್ಲ. ಇರುವುದು ದೊಡ್ಡಕ್ಕ ಸಂತೆಯಲ್ಲಿ ಕೊಂಡು ತಂದ ಹಳೆಯ ಕೋಟು ಮಾತ್ರ.

ಹುಡುಗಿ ಒಳಗೆ ಹೋದ ಮೇಲೆ ದೊಡ್ಡಕ್ಕ ನನ್ನನ್ನು ಮೆಟ್ಟಿಲ ಹತ್ತಿರ ಕರೆದೊಯ್ಯುತ್ತಾರೆ.

"ನನಗೂ ಭಯ ಆಗುತ್ತೆ, ಸುಳ್ಳು ಯಾಕೆ ಹೇಳಲಿ? ಆದ್ರೆ ಇಷ್ಟು ವರ್ಷದಲ್ಲಿ ಇಲ್ಲೇ ಇರ್ತೀನಿ ಅಂದ ಮೊದಲನೆಯವಳು ಇವಳು. ಯಾರು ನಿಲ್ಲಿಸಿದ್ರು ಅಂತ ಕೇಳೋಕೆ ನಾನು ಹೋಗಲ್ಲ. ಒಂದೇ ಆಸೆ ನನ್ನದು. ಆ ಸೀಟಿನವರೂ ಕೆಲಸ ಬಿಟ್ಟು ಹೋಗದೇ ಇದ್ರೆ ಸಾಕು."