ಒಲೆಯ ಮೇಲಿನ ಬದನೆ ಬೀಜ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಮಲ್ಲಂದೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಆಳುಗಳ ಮನೆಸಾಲಾದ ಕೂಲಿ ಲೈನಿನ ಪಕ್ಕದ ಎರಡು ಕೋಣೆಯ ಮನೆಯಲ್ಲಿ ನಾನೂ ಅಮ್ಮನೂ ಇದ್ದೆವು. ಆ ಸೀಮೆಯಲ್ಲಿ ಮಲೇರಿಯಾ ಬರದವರಿರಲಿಲ್ಲ. ಅಮ್ಮನಿಗೆ ವರ್ಷಕ್ಕೆರಡು ಸಲ ಬರುತ್ತಿತ್ತು. ಜ್ವರ ಇಳಿದ ಮೇಲೂ ಕ್ವಿನೈನಿನ ಕಹಿ ವಾರಗಟ್ಟಲೆ ಬಾಯಲ್ಲಿ ಉಳಿದು, ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಆಗ ಅವಳಿಗೆ ಸೇರುತ್ತಿದ್ದದ್ದು ಹಿತ್ತಿಲ ಬದನೆಕಾಯಿಯ ಗೊಜ್ಜು ಒಂದೇ.

ಅದು ಅವಳ ತವರಿನ ಬದನೆ. ಗಿಡ ಮೊಣಕಾಲೆತ್ತರ ದಾಟುತ್ತಿರಲಿಲ್ಲ. ಸೀಮೆಎಣ್ಣೆ ಡಬ್ಬದಲ್ಲಿಯೂ ಬೆಳೆಯುತ್ತಿತ್ತು. ಕಾಯಿ ನಿಂಬೆಗಿಂತ ತುಸು ದೊಡ್ಡದು, ತಿಳಿಹಸಿರು. ಕಹಿಯಿಲ್ಲ, ಒಗರಿಲ್ಲ. ಕೆಂಡದಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉಪ್ಪು ಮತ್ತು ಒಂದೇ ಒಂದು ಸೂಜಿಮೆಣಸು ಸೇರಿಸಿ ಕಿವುಚಿ ಮೊಸರು ಬೆರೆಸಿದರೆ ಮುಗಿಯಿತು. ಒಗ್ಗರಣೆ ಬೇಡ ಎನ್ನುತ್ತಿದ್ದಳು.

ಮಳೆಗಾಲದಲ್ಲಿ ಗಿಡ ಕೊಳೆಯುತ್ತಿತ್ತು. ಹಾಗಾಗಿ ಬೇಸಿಗೆಯ ಕೊನೆಗೆ ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಅದರ ಬೀಜ ತೊಳೆದು ಒಣಗಿಸಿ, ಸಗಣಿಯಲ್ಲಿ ಕಲಸಿ, ಒಲೆಯ ಮೇಲಿನ ಗೋಡೆಗೆ ತಟ್ಟುತ್ತಿದ್ದಳು. ಹೊಗೆ ತಾಗಿದರೆ ಹುಳು ಬರುವುದಿಲ್ಲ. ದಸರೆ ಕಳೆದ ಮೇಲೆ ಅದನ್ನು ಕಿತ್ತು, ನೆನೆಸಿ, ಬಿತ್ತುವುದು.

ಒಂದು ವರ್ಷ ಆಷಾಢದಲ್ಲಿ ಅಮ್ಮ ಜ್ವರ ಹಿಡಿದು ಮಲಗಿದಳು. ಹದಿನೈದು ದಿನ ತೋಟದ ಕೆಲಸವೂ ಅಡಿಗೆಯೂ ನನ್ನದೇ. ಒಂದು ಬೆಳಿಗ್ಗೆ ಗಂಜಿ ಆಗಬೇಕಿತ್ತು. ಸೌದೆ ಹಸಿ, ತರಗು ಹಸಿ, ಬೆಂಕಿ ಹತ್ತಲಿಲ್ಲ. ಗೋಡೆಯ ಮೇಲೆ ಒಣಗಿದ ಬೆರಣಿಯೊಂದು ಕಂಡಿತು. ಕಿತ್ತು, ಮುರಿದು, ಒಲೆಗೆ ಹಾಕಿದೆ. ಬೆಂಕಿ ಚೆನ್ನಾಗಿಯೇ ಹತ್ತಿತು. ಬೀಜ ಚಟಪಟ ಸಿಡಿಯತೊಡಗಿದಾಗ ಏನು ಮಾಡಿದೆನೆಂದು ತಿಳಿಯಿತು. ಇಕ್ಕಳ ಹುಡುಕುವಷ್ಟರಲ್ಲಿ ಉಳಿದದ್ದು ಬೂದಿ. ಗಂಜಿ ಕಾಯಿಸಿ ಅಮ್ಮನಿಗೆ ಕುಡಿಸಿದೆ. ವಿಷಯ ಹೇಳಲಿಲ್ಲ.

ಮಳೆ ಬಿಟ್ಟ ಮೇಲೆ, ನಾನು ಹೇಳಿದ್ದಕ್ಕೆ, ಪಕ್ಕದ ಮನೆಯ ಮೇಸ್ತ್ರಿಯ ಹೆಂಡತಿ ಆಲ್ದೂರು ಸಂತೆಯಿಂದ ಒಂದು ಪೊಟ್ಟಣ ತಂದುಕೊಟ್ಟಳು.

"ಬದ್ನೆ ಬೀಜ ಅಂತ ಕೊಟ್ಟವ್ನೆ ರೈಟ್ರೇ. ಹುಟ್ಟೋದು ಬದ್ನೆನೋ ಉಮ್ಮತ್ತಿನೋ, ನನ್ನ ಕೇಳ್ಬೇಡಿ."

"ಗಿಡ್ಡ ಜಾತೀದಾ?"

"ಎತ್ತರ ನೋಡಾಕೆ ಬೀಜಕ್ಕೇನು ಕಾಲಿದ್ಯಾ ಮಾರಾಯ್ರೇ?"

"ಅಮ್ಮಂಗೆ ಹೇಳ್ಬೇಡ."

"ನಾನು ಹೇಳಲ್ಲ. ಗಿಡ ಹೇಳ್ತದೆ."

"ಬಿತ್ತಿದ್ಯಾ?" ಎಂದು ಅಮ್ಮ ಕೇಳಿದಾಗ ಹೂಂ ಎಂದೆ. ಹಿತ್ತಿಲಿಗೆ ಇಳಿಯುವಷ್ಟು ಅವಳು ಚೇತರಿಸಿಕೊಂಡಿರಲಿಲ್ಲ. ಗಿಡ ಎತ್ತರ ಬೆಳೆಯಬಾರದೆಂದು ಎರಡು ಸಲ ತುದಿ ಚಿವುಟಿದೆ. ಆದರೂ ಕಾಫಿ ಕುಯ್ಲಿನ ಹೊತ್ತಿಗೆ ಸೊಂಟದೆತ್ತರ ನಿಂತಿತು. ಕಾಯಿ ಉದ್ದ, ನೇರಳೆ ಬಣ್ಣ. ಅದೇ ಹೊತ್ತಿಗೆ ಅಮ್ಮನಿಗೆ ಮತ್ತೆ ಜ್ವರ ಬಂದು ಇಳಿಯಿತು. ಮೂರು ದಿನದಿಂದ ಏನೂ ಉಂಡಿರಲಿಲ್ಲ. ಸಿಪ್ಪೆ ಸುಲಿದರೆ ಎಲ್ಲ ಬದನೆಯೂ ಒಂದೇ ಎಂದುಕೊಂಡು, ಸುಟ್ಟು ಗೊಜ್ಜು ಮಾಡಿ ಬಡಿಸಿದೆ.

ಒಂದು ತುತ್ತು ತಿಂದಳು.

"ಇದು ಸಂತೇದು."

ನಾನು ಮೊಸರಿನ ಪಾತ್ರೆಯನ್ನು ಅವಳತ್ತ ಸರಿಸಿದೆ.

"ಹಿಂದಿನ ಸಲ ಎದ್ದು ಒಲೆ ಹತ್ರ ಬಂದ ದಿನವೇ ಗೋಡೆ ಖಾಲಿ ಇದ್ದದ್ದು ನೋಡ್ದೆ. ನೀನಾಗೇ ಹೇಳ್ತೀಯ ಅಂತ ಕಾದೆ."

"ಗಂಜಿಗೆ ಬೆಂಕಿ ಹತ್ಲಿಲ್ಲ ಅಮ್ಮ."

"ಆ ಗಂಜಿ ಕುಡ್ದೋಳು ನಾನೇ ಅಲ್ವಾ. ಬೈಯೋದಾದ್ರೂ ಹ್ಯಾಗೆ?"

ತವರಿಗೆ ಬರೆದರೆ ಬೀಜ ಸಿಗಬಹುದೇ ಎಂದು ಕೇಳಿದೆ. ಅಲ್ಲಿಯ ಹಿತ್ತಿಲಿಗೆ ಕಾಫಿ ಹಾಕಿ ವರ್ಷಗಳಾದವು, ಬದನೆ ಯಾರೂ ಬೆಳೆಯುವುದಿಲ್ಲ ಎಂದಳು.

"ಹಾಗಾದ್ರೆ ಈ ಗಿಡ ಕಿತ್ತು ಹಾಕ್ಲಾ?"

"ಕಿತ್ತು ನಂಗೇನ್ ಬಡಿಸ್ತೀಯ, ಕಾಫಿ ಸೊಪ್ಪಾ? ನಾಳೆ ಹೆಚ್ಚಿ ಉಪ್ಪುನೀರಲ್ಲಿ ಹಾಕು, ಕಹಿ ಬಿಡ್ಲಿ. ಸುಡ್ಬೇಡ, ಬೇಯ್ಸು."

ಮರುದಿನ ಹಾಜರಿ ಮುಗಿಸಿ ಬಂದು ನಾಲ್ಕು ಕಾಯಿ ಹೆಚ್ಚಿದೆ. ನೀರು ಕಪ್ಪಾಯಿತು. ಚೆಲ್ಲಿ ಮತ್ತೆ ಹಾಕಿದೆ, ಮತ್ತೆ ಕಪ್ಪಾಯಿತು. ಬೇಯಿಸಿ, ಮೊಸರು ಸ್ವಲ್ಪ ಹೆಚ್ಚಾಗಿಯೇ ಬೆರೆಸಿದೆ. ಅಮ್ಮ ಗೋಡೆಗೆ ಒರಗಿ ಕುಳಿತು ನಾಲ್ಕು ತುತ್ತು ಉಂಡಳು. ಐದನೆಯದನ್ನು ಕಲಸಿ, ತಟ್ಟೆಯಲ್ಲಿಯೇ ಬಿಟ್ಟು, ನೀರು ಕೇಳಿದಳು.